ಸಿದ್ದಜ್ಜಿಯ ತವರು

ಮೊನ್ನೆ ಅತ್ತೆ ಫೋನು ಮಾಡಿ, "ಅಟ್ಟದಿಂದ ಕಾಯಿ ಇಳಿಸ್ತಾ ಇದೀವಿ, ಬಂದು ಒಂದು ಚೀಲ ತಗೊಂಡೋಗೇ ಗಿರಿಜಾ" ಎಂದರು. ತಿಪಟೂರಿನಲ್ಲಿ ನೊಣವಿನಕೆರೆ ಬಸ್ಸು ಹತ್ತಿ, ಇಳಿದು, ತೋಟದ ದಾರಿಯಲ್ಲಿ ನಡೆದೆ. ಹೊಸ್ತಿಲು ದಾಟುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಹನ್ನೊಂದು ತಿಂಗಳು ಅಟ್ಟದ ಮೇಲೆ ಹೊಗೆ ಕುಡಿದ ತೆಂಗಿನಕಾಯಿಯ ವಾಸನೆ. ಸ್ವಲ್ಪ ಎಣ್ಣೆ, ಸ್ವಲ್ಪ ಮಸಿ, ಎಲ್ಲೋ ಒಂದು ಕಡೆ ಸಿಹಿ. ಅತ್ತೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಉರುಳುವ ಗುಡುಗುಡು ಸದ್ದು. "ಕೊಬ್ರಿ ಆಗೈತೆ" ಎಂದು ಪಕ್ಕಕ್ಕಿಟ್ಟರು. ಸೋದರಮಾವ ಹೋಗಿ ಎರಡು ವರ್ಷವಾಯಿತು. ಆದರೂ ಈ ಸದ್ದು ಕೇಳಿದರೆ ಅವರು ಅಂಗಳದಲ್ಲೇ ಕೂತಿದ್ದಾರೆ ಅನ್ನಿಸುತ್ತದೆ. ಅದರಲ್ಲೂ ಆ ಒಂದು ವರ್ಷದ ಮಾವ.

ನಾನು ತಿಪಟೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಮನುಷ್ಯ ಆಫ್ರಿಕಾದಲ್ಲಿ ಹುಟ್ಟಿ, ಅಲ್ಲಿಂದ ನಡೆದು ಲೋಕವನ್ನೆಲ್ಲ ತುಂಬಿಕೊಂಡ ಎಂಬ ಅಧ್ಯಾಯವನ್ನು ಪ್ರತಿ ವರ್ಷವೂ ಕೊನೆಯಲ್ಲಿ, ಪೋರ್ಷನ್ ಮುಗಿಸುವ ಅವಸರದಲ್ಲಿ, ಎರಡೇ ಪೀರಿಯಡ್ಡಿನಲ್ಲಿ ಓಡಿಸಿಬಿಡುತ್ತಿದ್ದೆ. "ಎರಡು ಮಾರ್ಕಿಗೆ ಬರುತ್ತೆ, ಬರ್ಕೊಳ್ಳಿ" ಎನ್ನುತ್ತಿದ್ದೆ. ನಂಬಿಕೆ ಇರಲಿಲ್ಲ ಎಂದಲ್ಲ. ಅದು ನಮ್ಮ ಮನೆಯ ವಿಷಯ ಎಂದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

ನಾನು ನಿವೃತ್ತಳಾದ ವರ್ಷ, ಕಾರ್ತೀಕ ಮಾಸದಲ್ಲಿ ನಾಜಿಯಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಅವಳಪ್ಪ ನಮ್ಮ ಪೇಟೆಯ ಟೈಲರ್. ನನ್ನ ಇಬ್ಬರು ಗಂಡುಮಕ್ಕಳ ಸ್ಕೂಲ್ ಚಡ್ಡಿಗಳನ್ನೆಲ್ಲ ಹೊಲಿದವರು ಅವರೇ. ಈಗ ಅವಳು ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ. ಕುರ್ಚಿಯಲ್ಲಿ ಕೂತವಳೇ, "ಮಿಸ್, ಉಗುಳು ಬೇಕಾಗಿತ್ತು" ಎಂದಳು.

"ನನ್ನ ಮೇಲೆ ನಿಂಗೆ ಅಷ್ಟೊಂದು ಸಿಟ್ಟಿರೋದು ಗೊತ್ತಿರ್ಲಿಲ್ಲ ಕಣೇ" ಎಂದೆ.

ನಕ್ಕು, ಬಿಡಿಸಿ ಹೇಳಿದಳು. ಚಳಿದೇಶದ ಗುಹೆಗಳಲ್ಲಿ ಸಿಕ್ಕಿರುವ ಹಳೆಯ ಮೂಳೆಗಳಲ್ಲಿ ಡಿಎನ್‌ಎ ಇನ್ನೂ ಉಳಿದಿದೆ, ಅದನ್ನು ಓದುತ್ತಾರೆ. ನಮ್ಮ ಸೆಕೆಗೆ ಮೂಳೆಯಲ್ಲಿ ಅದು ಉಳಿಯುವುದು ಅಪರೂಪ. ಹಾಗಾಗಿ ಇಲ್ಲಿ ಬದುಕಿರುವವರ ಉಗುಳನ್ನು ಓದಿ, ಆ ಮೂಳೆಗಳ ಜೊತೆ ಹೋಲಿಸಿ, ಯಾರು ಎಲ್ಲಿಂದ ಬಂದರು, ದಾರಿಯಲ್ಲಿ ಯಾರ ಜೊತೆ ಬೆರೆತರು ಎಂದು ಹುಡುಕಬೇಕು. ಅದಕ್ಕೆ ಎರಡು ನಿಯಮ. ಕೊಡುವವರ ಅಜ್ಜ ಅಜ್ಜಿಯರು ಈ ಸೀಮೆಯವರೇ ಆಗಿರಬೇಕು, ಇಲ್ಲದಿದ್ದರೆ ಹಾಗೆಂದು ಬರೆಯಬೇಕು. ಮತ್ತೆ, ನೆಂಟರಾದ ಎರಡು ಮನೆಗಳಿಂದ ತೆಗೆದುಕೊಳ್ಳುವಂತಿಲ್ಲ. ಒಂದೇ ಕಥೆಯನ್ನು ಎರಡು ಸಲ ಎಣಿಸಿದಂತಾಗುತ್ತದಂತೆ. ಊರೂರಲ್ಲೂ ನನ್ನ ವಿದ್ಯಾರ್ಥಿಗಳಿದ್ದರಿಂದ ನಾನು ಜೊತೆಗೆ ಬರಬೇಕು, ಫಾರಂ ತುಂಬಬೇಕು ಎಂದಳು. ನಿವೃತ್ತಿಯ ಬೇಸರದಲ್ಲಿದ್ದ ನಾನು ಹಾರಿ ಒಪ್ಪಿಕೊಂಡೆ.

ಮೊದಲು ದಬ್ಬೇಘಟ್ಟ. ಅಲ್ಲಿ ಶಿವಣ್ಣಮಾವ ಇದ್ದಾರೆ. ನನ್ನ ತಾಯಿಯ ತಾಯಿ ಸಿದ್ದಜ್ಜಿಯ ತವರುಮನೆ ಅದು. ಅಜ್ಜಿಯ ಅಣ್ಣನ ಮಗ ಅವರು. ಎಲೆಅಡಿಕೆ ಉಗಿದು, ಬಾಯಿ ತೊಳೆದು, ಅರ್ಧ ಗಂಟೆ ಏನನ್ನೂ ಬಾಯಿಗೆ ಹಾಕದೆ ಕೂರಬೇಕು ಎಂಬುದೊಂದೇ ಅವರಿಗೆ ಕಷ್ಟವಾಗಿದ್ದು. "ಇದೊಳ್ಳೆ ಉಪವಾಸ ಆಯ್ತಲ್ಲವ್ವ" ಎಂದು ಗಡಿಯಾರ ನೋಡುತ್ತಾ ಕೂತು, ಕೊನೆಗೆ ನಾಜಿಯಾ ಕೊಟ್ಟ ನಳಿಕೆ ತುಂಬಿಸಿದರು.

ಮಾರನೆಯ ದಿನ ನೊಣವಿನಕೆರೆ ಪಕ್ಕದ ನಮ್ಮ ಸೋದರಮಾವನ ಮನೆ. ಮಾವನ ಹೆಸರು ಮರುಳಪ್ಪ. ನಮ್ಮಮ್ಮನ ಅಣ್ಣ, ಎಂಬತ್ತರ ಹತ್ತಿರ, ಮರದ ಬುಡದಲ್ಲಿ ನಿಂತು ಗೊನೆ ನೋಡಿ ಇಷ್ಟೇ ಕಾಯಿ ಎಂದರೆ ಅಷ್ಟೇ ಬೀಳುತ್ತಿದ್ದವು. ಅವತ್ತು ಹೊಸ ಕಾಯಿ ಅಟ್ಟಕ್ಕೆ ಏರಿಸುತ್ತಿದ್ದರು. ಕೆಲಸ ಬಿಟ್ಟು ಬಂದು ಜಗಲಿಯಲ್ಲಿ ಶಿಸ್ತಾಗಿ ಕೂತರು. ತಾಯಿಯ ತವರು ಯಾವುದು ಎಂದಾಗ, "ದಬ್ಬೇಘಟ್ಟ" ಎಂದರು. ನಾಜಿಯಾ ತನ್ನ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದಳು. ಉತ್ಸಾಹದಲ್ಲಿ ನೆಂಟರ ನಿಯಮ ನನಗೇ ಮರೆತುಹೋಗಿತ್ತು.

"ಅಯ್ಯೋ ತಾತ, ನಿನ್ನೆ ಶಿವಣ್ಣನವರು ಕೊಟ್ಟುಬಿಟ್ಟಿದಾರೆ. ನೀವು ಅವರ ಅತ್ತೆ ಮಗ ಅಲ್ವಾ? ನಿಮ್ಮದು ತಗೊಳ್ಳೋ ಹಾಗಿಲ್ಲ" ಎಂದು ಮಾವನ ಹೆಸರಿನ ಮೇಲೆ ಗೆರೆ ಎಳೆದಳು.

ಬೇರೆ ಯಾರಾಗಿದ್ದರೂ ಸರಿ ಬಿಡವ್ವ ಎಂದು ಎದ್ದು ಹೋಗುತ್ತಿದ್ದರು. ಮಾವ ಏಳಲಿಲ್ಲ. ಆ ಗೆರೆಯನ್ನೇ ನೋಡುತ್ತಾ ಕೂತರು. ಆಮೇಲೆ, "ಗಿರಿಜಾ, ಬಾ ಇಲ್ಲಿ" ಎಂದು ನನ್ನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು.

"ನಾವು ದಬ್ಬೇಘಟ್ಟದೋರಿಗೆ ನೆಂಟ್ರಲ್ಲ ಕಣವ್ವ" ಎಂದರು.

ನನಗೆ ಅರ್ಥವಾಗಲಿಲ್ಲ. ಮಾವ ನನ್ನ ಮುಖ ನೋಡದೆ ಹೇಳಿದರು. ಪ್ಲೇಗಿನ ಕಾಲ. ಊರೂರೇ ಮನೆ ಬಿಟ್ಟು ತೋಟಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ. ದಬ್ಬೇಘಟ್ಟದ ಅಜ್ಜ ಗಾಡಿಯಲ್ಲಿ ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೋದವನು, ರೈಲು ಸ್ಟೇಷನ್ನಿನ ಬೇಲಿಯ ಪಕ್ಕ ಅಳುತ್ತಾ ನಿಂತಿದ್ದ ಮೂರು ನಾಲ್ಕು ವರ್ಷದ ಹೆಣ್ಣುಮಗುವನ್ನು ಕಂಡ. ಸಂಜೆಯವರೆಗೂ ಕಾದ. ಯಾರೂ ಬರಲಿಲ್ಲ. ಖಾಲಿ ಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ಬಂದ. ಆ ಮಗುವಿನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಒಂದೆರಡು ವರ್ಷದಲ್ಲಿ ಅದಕ್ಕೂ ಮರೆತು ಹೋಯಿತಂತೆ. ಸಿದ್ದಮ್ಮ ಎಂದು ಹೆಸರಿಟ್ಟು, ಸ್ವಂತ ಮಗಳೆಂದೇ ಬೆಳೆಸಿ, ನೊಣವಿನಕೆರೆಗೆ ಮದುವೆ ಮಾಡಿ ಕೊಟ್ಟರು.

"ಸಾಯೋವಾಗ ನಂಗೊಬ್ಬನಿಗೇ ಹೇಳಿದ್ಲು. ಹೆತ್ತೋಳು ಅಂದ್ರೆ ಹಚ್ಚೆ ಹಾಕಿದ್ದ ಒಂದು ಕೈ ಅಷ್ಟೇ ಗೆಪ್ತಿ ಅಂದ್ಲು. ನಮ್ಮಣ್ಣನ ಮಕ್ಕಳಿಗೆ ಗೊತ್ತಿಲ್ಲ, ಹೇಳ್ಬ್ಯಾಡ ಮಗ, ಗೊತ್ತಾದ್ರೆ ಬಾಗಿನ ನಿಂತೋಯ್ತದೆ ಅಂದ್ಲು." ಮಾವ ಒಂದು ಕಾಯಿಯ ಜುಂಗು ಕೀಳುತ್ತಾ ನಿಂತರು. "ಹಿರಿಯರಿಗೆ ಎಡೆ ಇಕ್ಕೋವಾಗೆಲ್ಲ ದಬ್ಬೇಘಟ್ಟದೋರ ಹೆಸರೇ ಹೇಳಿದೀನಿ. ಹೇಳೋದೇ ಸೈ. ಆದ್ರೆ ಆ ಹಚ್ಚೆ ಕೈಯೋಳು ಯಾವೂರೋಳು, ಅವಳಿಗೊಂದು ತುತ್ತು ಯಾರಿಕ್ತಾರೆ? ನಾನು ಹೋಗೋದ್ರೊಳಗೆ ಅವ್ವನ ತವರು ಯಾವ್ದು ಅಂತ ತಿಳೀಬೇಕು ಕಣವ್ವ. ಆ ಹುಡುಗಿಗೆ ಹೇಳು. ದಬ್ಬೇಘಟ್ಟಕ್ಕೆ ಮಾತ್ರ ಗೊತ್ತಾಗಬಾರ್ದು."

ಗೌರಿಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಬರುವುದು ನಮ್ಮ ಕಡೆಯ ಪದ್ಧತಿ. ಕೇರುವ ಜೋಡಿ ಮರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಬೇಳೆ ಬೆಲ್ಲ, ತೆಂಗಿನಕಾಯಿ. ಸಾಮಾನ್ಯವಾಗಿ ಅದು ಮಗಳ ಕಾಲಕ್ಕೆ ನಿಲ್ಲುತ್ತದೆ. ದಬ್ಬೇಘಟ್ಟದವರು ಮಾತ್ರ ಅಜ್ಜಿ ಹೋದ ಮೇಲೆ ನಮ್ಮಮ್ಮನಿಗೆ, ಅಮ್ಮ ಹೋದ ಮೇಲೆ ನನಗೆ, ಒಂದು ವರ್ಷವೂ ತಪ್ಪಿಸದೆ ಕಳಿಸುತ್ತಿದ್ದರು. ನಾನೋ, ಬೇಳೆಯಲ್ಲಿ ಹುಳ ಇದೆಯೇ ಎಂದು ನೋಡಿ ಡಬ್ಬಿಗೆ ಸುರಿದುಕೊಳ್ಳುತ್ತಿದ್ದೆ.

ನಾಜಿಯಾಗೆ ಹೇಳಿದೆ. ಹೊಸ ಫಾರಂ ತೆಗೆದು, ತಾಯಿಯ ತವರು ಎಂಬಲ್ಲಿ "ತಿಳಿದಿಲ್ಲ" ಎಂದು ಬರೆದು, ನಳಿಕೆ ಕೊಟ್ಟಳು. ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತಾಯಿಯಿಂದ ಮಾತ್ರ ಬರೋ ಒಂದು ಎಳೆ ಇದೆ ತಾತ. ನಿಮ್ಮವ್ವನಿಗೆ ಅವರವ್ವ ಕೊಟ್ಟಿದ್ದು, ನಿಮಗೆ ನಿಮ್ಮವ್ವ ಕೊಟ್ಟಿದ್ದು. ಅದು ಈಗ ನಿಮ್ಮ ಬಾಯಲ್ಲೇ ಇದೆ."

"ಅವ್ವ ನನ್ ಬಾಯಾಗವ್ಳಾ?"

"ಅವರವ್ವನೂ ಇದಾರೆ."

ಮಾವ ಉಗುಳುವ ಮೊದಲು ನಳಿಕೆಯನ್ನು ಕಣ್ಣಿಗೊತ್ತಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಅವತ್ತು ಇನ್ನೊಂದು ಪ್ರಸಂಗವೂ ನಡೆಯಿತು. ನಳಿಕೆಗಳ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು ನಾವು ಊರೊಳಗಿನ ಎರಡು ಮನೆಗೆ ಹೋಗಿ ಬಂದೆವು. ಬಂದು ನೋಡಿದರೆ ಡಬ್ಬಿ ಇಲ್ಲ. ಅತ್ತೆ ಹೆಮ್ಮೆಯಿಂದ ಮೇಲಕ್ಕೆ ಬೆರಳು ತೋರಿಸಿದರು. ಅಟ್ಟದ ಮೇಲೆ, ಕಾಯಿಗಳ ನಡುವೆ, ಒಲೆಯ ಹೊಗೆ ನೇರ ತಾಗುವ ಜಾಗದಲ್ಲಿ ಡಬ್ಬಿ ಕೂತಿತ್ತು.

"ಒಣಗಿದ ಜಾಗದಲ್ಲಿಡಿ ಅಂತ ಅಲ್ಲೇ ಬರ್ದಿತ್ತು ಕಣ್ರೀ. ಈ ಮನೇಲಿ ಒಣಗಿದ ಜಾಗ ಅಂದ್ರೆ ಅಟ್ಟ ತಾನೆ? ಬೆಲೆ ಬಾಳೋದನ್ನೆಲ್ಲ ನಾವಿಡೋದು ಅಲ್ಲೇಯ" ಎಂದರು.

ನಾಜಿಯಾ ಏಣಿ ಹತ್ತಿದ ವೇಗಕ್ಕೆ ಸೆರಗು ಕಟ್ಟಿಕೊಂಡು ನಾನೂ ಹತ್ತಿದೆ. ಮಾವ ಕೆಳಗೆ ನಿಂತು, "ಥೂ, ಅವ್ವನ್ನ ಬೇಯಿಸ್ಬುಟ್ಟಲ್ಲೇ" ಎಂದು ಅತ್ತೆಯ ಮೇಲೆ ಕೂಗಾಡುತ್ತಿದ್ದರು. ನಳಿಕೆಯಲ್ಲಿರುವ ಔಷಧಿ ನೀರು ಕಾಪಾಡುತ್ತದೆ, ಒಂದೆರಡು ಗಂಟೆಗೆ ಏನೂ ಆಗಿಲ್ಲ ಎಂದು ನಾಜಿಯಾ ಹೇಳಿದ ಮೇಲೆಯೇ ಅವರು ನೆಲಕ್ಕೆ ಕೂತಿದ್ದು. ಆಗಲೇ ನನಗೆ ಗೊತ್ತಾಯಿತು, ಇದು ಮುದುಕರ ಕುತೂಹಲ ಅಲ್ಲ ಎಂದು.

ಆ ವರ್ಷವೆಲ್ಲ ಮಾವ ಕಾದರು. ತಿಂಗಳಿಗೊಂದು ಸಲ ಫೋನು ಮಾಡಿ, "ಏನಾದ್ರೂ ಬಂತೇನವ್ವ?" ಎನ್ನುತ್ತಿದ್ದರು. ಯುಗಾದಿಗೆ ದಬ್ಬೇಘಟ್ಟಕ್ಕೆ ಹೋಗಲಿಲ್ಲ. ಶಿವಣ್ಣಮಾವನ ಮೊಮ್ಮಗಳ ಮದುವೆಗೆ ಹೋದವರು ಊಟಕ್ಕೆ ನಿಲ್ಲದೆ ಬಂದುಬಿಟ್ಟರು. "ಮುಖ ಕೊಟ್ಟು ಮಾತಾಡಕ್ಕಾಗಲ್ಲ. ಹುಡುಕಾಕೆ ಹೊರಟಿದ್ದೇ ತಪ್ಪೇನೋ" ಎಂದರು ಒಂದು ದಿನ. ಅನ್ನ ಹಾಕಿದ ಮನೆಗೆ ದ್ರೋಹ ಮಾಡುತ್ತಿದ್ದೇನೆ ಎಂಬ ಕೊರಗು ಒಂದು ಕಡೆ. ಹಚ್ಚೆಯ ಕೈ ಇನ್ನೊಂದು ಕಡೆ. ಗೌರಿಹಬ್ಬ ಬಂತು. ದಬ್ಬೇಘಟ್ಟದಿಂದ ನನಗೆ ಮರದ ಬಾಗಿನವೂ ಬಂತು. ಆ ಸಲ ಬೇಳೆಯನ್ನು ಡಬ್ಬಿಗೆ ಸುರಿಯಲು ನನಗೆ ಕೈ ಬರಲಿಲ್ಲ.

ಹಬ್ಬ ಕಳೆದ ವಾರ ನಾಜಿಯಾ ಬಂದಳು. ಕೇಳಿದವರಿಗೆ ಆ ತಾಯಿಯ ಎಳೆಯ ವಿಷಯವೊಂದನ್ನು ಹೇಳುವುದಾಗಿ ಫಾರಂನಲ್ಲಿತ್ತು. ಇಬ್ಬರೂ ನೊಣವಿನಕೆರೆಗೆ ಹೋದೆವು. ಹಿಂದಿನ ವರ್ಷ ನಮ್ಮೆದುರೇ ಅಟ್ಟ ಹತ್ತಿದ್ದ ಕಾಯಿ ಅವತ್ತು ಇಳಿದು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಮಾವ ರಾಶಿಯ ಪಕ್ಕ ಕೂತಿದ್ದರು.

"ಊರು ಯಾವ್ದು?" ಎಂದರು, ಕೂರಲೂ ಬಿಡದೆ.

"ಊರು ಹೇಳಕ್ಕಾಗಲ್ಲ ತಾತ. ಜಾತೀನೂ ಹೇಳಲ್ಲ. ಅದಕ್ಕಿಂತ ಹಿಂದಿಂದು ಇದು."

ಮಾವನ ಮುಖ ಇಳಿದುಹೋಯಿತು. ನಾಜಿಯಾ ಅವರ ಎದುರು ನೆಲದ ಮೇಲೇ ಕೂತಳು. ಅಜ್ಜಿಯ ಎಳೆ ಈ ನೆಲಕ್ಕೆ ಮೊಟ್ಟಮೊದಲು ನಡೆದು ಬಂದ ಹೆಂಗಸರದು ಎಂದಳು. ಆಫ್ರಿಕಾ ಬಿಟ್ಟು, ಪ್ರಾಯಶಃ ಕಡಲ ದಂಡೆ ಹಿಡಿದು, ಐವತ್ತು ಅರವತ್ತು ಸಾವಿರ ವರ್ಷದ ಹಿಂದೆ. ಆಗ ಹೊಲ ಇರಲಿಲ್ಲ, ಊರೆಂಬುದೇ ಇರಲಿಲ್ಲ. ಬೇಸಾಯದವರು, ದನ ಕುದುರೆಯವರು ಬಂದು ಬೆರೆತದ್ದೆಲ್ಲ ಆಮೇಲೆ. "ನನ್ನದೂ ಅದೇ ದೊಡ್ಡ ಕೊಂಬೆ ತಾತ. ನಾವು ಬಂದ ಬಸ್ಸಲ್ಲಿ ಬಹಳ ಜನರದ್ದು ಅದೇ ಇರುತ್ತೆ."

"ಅಲ್ಲಿಂದ ಅವ್ವನ ಗಂಟ ಎಷ್ಟು ಜನ ಅವ್ವಂದ್ರಾದ್ರು?" ಎಂದು ಮಾವ ನನ್ನನ್ನು ಕೇಳಿದರು.

ಒಬ್ಬೊಬ್ಬಳಿಗೆ ಇಪ್ಪತ್ತೈದು ಮೂವತ್ತು ವರ್ಷ ಹಿಡಿದು ಲೆಕ್ಕ ಹಾಕಿ, "ಎರಡು ಸಾವಿರ ಚಿಲ್ಲರೆ" ಎಂದೆ.

"ಎರಡು ಸಾವ್ರ" ಎಂದು ಮಾವ ರಾಶಿಯ ಕಡೆ ತಿರುಗಿದರು. ಅಳತೆಗಣ್ಣಿನ ಮನುಷ್ಯ. "ಈ ರಾಶಿ ಅಷ್ಟೈತೆ, ಒಂದು ಹೆಚ್ಚುಕಮ್ಮಿ." ಅಂಚಿನಿಂದ ಒಂದು ಕಾಯಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇದು ಅವ್ವ." ಇನ್ನೊಂದು ತೆಗೆದರು. "ಇದು ಹಚ್ಚೆ ಕೈಯೋಳು." ಮೂರನೆಯದಕ್ಕೆ ಚಾಚಿದ ಕೈ ಹಾಗೇ ನಿಂತಿತು. ನಾನೂ ಆ ರಾಶಿಯನ್ನು ನೋಡಿದೆ. ಮೂವತ್ತು ವರ್ಷ ಪಾಠ ಹೇಳಿದ ಅರವತ್ತು ಸಾವಿರ ವರ್ಷಗಳು ನಮ್ಮ ಅಂಗಳದಲ್ಲಿ, ಕೈಗೆಟುಕುವಷ್ಟು ಹತ್ತಿರ ಬಿದ್ದಿದ್ದವು. ಒಬ್ಬಳಾದರೂ ಹೆರುವ ಮೊದಲು ಸತ್ತಿದ್ದರೆ, ಒಬ್ಬಳಾದರೂ ಮಗಳನ್ನು ಹೆರದಿದ್ದರೆ ನಾನಿಲ್ಲ. ಒಬ್ಬಳೂ ತಪ್ಪಿರಲಿಲ್ಲ. ಆ ಎಳೆ ಗೌರಿ ಬಾಗಿನ ಬಂದ ದಾರಿಯಲ್ಲೇ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದಿದೆ, ಇಬ್ಬರು ಗಂಡುಮಕ್ಕಳ ತಾಯಿಯಾದ ನನ್ನಲ್ಲಿಗೆ ನಿಲ್ಲುತ್ತದೆ ಎಂಬುದೂ ಆಗಲೇ ಹೊಳೆದಿದ್ದು.

"ಎಲ್ರೂ ನಮ್ಮಂಗೇ ಮನುಷ್ಯರೇನವ್ವ?" ಮಾವ ನಾಜಿಯಾಳನ್ನು ಕೇಳಿದರು.

"ಈ ರಾಶಿಯಲ್ಲಿ ಎಲ್ಲರೂ ನಮ್ಮ ಹಾಗೇ. ಆದರೆ ಅಪ್ಪಂದಿರದು, ಅಜ್ಜಂದಿರದು ಅಂತ ಬೇರೆ ಎಳೆಗಳೂ ನಮ್ಮಲ್ಲಿವೆಯಲ್ಲ, ಅವುಗಳಲ್ಲಿ ಬೇರೆ ಬಗೆಯ ಮನುಷ್ಯರೂ ಇದಾರೆ. ಹುಬ್ಬಿನ ಮೂಳೆ ದಪ್ಪ, ಗಟ್ಟಿ ಆಳು. ಆ ಕುಲ ಈಗಿಲ್ಲ. ಆದ್ರೆ ನೂರಕ್ಕೆ ಒಂದೆರಡು ಪಾಲು ಅವರು ನಿಮ್ಮಲ್ಲೂ ಇದಾರೆ, ನನ್ನಲ್ಲೂ ಇದಾರೆ." ಆಮೇಲೆ ನಾಜಿಯಾ ಸೈಬೀರಿಯಾದ ಗುಹೆಯೊಂದರಲ್ಲಿ ಸಿಕ್ಕ ಮೂಳೆ ಚೂರಿನ ಕಥೆ ಹೇಳಿದಳು. ಬೆರಳಿನಷ್ಟುದ್ದವೂ ಇಲ್ಲದ ಚೂರು. ಓದಿ ನೋಡಿದರೆ ಒಬ್ಬ ಹುಡುಗಿಯದು. ತಾಯಿ ಒಂದು ಬಗೆಯ ಮನುಷ್ಯಳು, ತಂದೆ ಇನ್ನೊಂದು ಬಗೆಯವನು. ಸಾಯುವಾಗ ಅವಳಿಗೆ ಹದಿಮೂರಾದರೂ ಆಗಿತ್ತಂತೆ.

ಮಾವ ಮಡಿಲಲ್ಲಿದ್ದ ಕಾಯಿಯನ್ನು ಸವರುತ್ತಿದ್ದರು.

"ಹದಿಮೂರು ವರ್ಸ ಯಾರೋ ಉಣ್ಣಾಕಿಕ್ಕವ್ರೆ ಹಂಗಾರೆ" ಎಂದರು.

"ಹೌದು ತಾತ."

"ಮುಖ ಬೇರೆ ಥರ ಇದ್ದಿರ್ತದೆ. ಆ ಚಳೀಲಿ ಬುಟ್ಟೋಗಬೋದಿತ್ತು. ಬುಡಲಿಲ್ಲ."

"ಅಂಥ ಮಕ್ಕಳನ್ನ ಎಲ್ಲರೂ ಬಿಟ್ಟು ಹೋಗಿದ್ರೆ, ಅವರ ಪಾಲು ನಮ್ಮವರೆಗೂ ಬರ್ತಾನೇ ಇರ್ಲಿಲ್ಲ."

ಮಾವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಖಾಲಿ ಗಾಡಿ ಆಗ್ಲೂ ಯಾರೋ ತಂದಿದ್ರು ಅನ್ನು" ಎಂದು, ಎದ್ದು, ಹೆಗಲ ಮೇಲೆ ಟವೆಲು ಹಾಕಿಕೊಂಡರು. "ನಡೀರಿ, ದಬ್ಬೇಘಟ್ಟಕ್ಕೆ ಹೋಗಾಣ. ಅನ್ನ ಇಕ್ಕಿದೋರಿಗೆ ಇನ್ನೂ ಸುಳ್ಳು ಹೇಳ್ಕಂಡಿರಾಕೆ ನಂಗಾಗಲ್ಲ. ಬಾಗಿನ ನಿಂತ್ರೆ ನಿಲ್ಲಲಿ."

ನಾಜಿಯಾ ತಿಪಟೂರಿನ ಬಸ್ಸು ಹತ್ತಿದಳು. ನಾನೂ ಮಾವನೂ ಆಟೋ ಮಾಡಿಕೊಂಡು ಹೋದೆವು. ಶಿವಣ್ಣಮಾವ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಮಾವ ಮೆಟ್ಟಿಲ ಕೆಳಗೇ ನಿಂತು, ಶಿಕ್ಷೆಗೆ ನಿಂತ ಹುಡುಗರ ಹಾಗೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟರು. ಸ್ಟೇಷನ್ನು, ಗಾಡಿ, ಹಚ್ಚೆಯ ಕೈ. "ನಾವು ನಿಮ್ಮ ರಕ್ತ ಅಲ್ಲ ಭಾವ. ಇಷ್ಟು ವರ್ಸ ಮುಚ್ಚಿಟ್ಟೆ, ತಪ್ಪಾಯ್ತು."

ಶಿವಣ್ಣಮಾವ ಅಡಕತ್ತರಿ ಕೆಳಗಿಟ್ಟರು. "ಮುಗೀತೇನ್ಲಾ ಮರುಳ?"

"ಹೂಂ."

"ನಂಗೆ ಗೊತ್ತಿತ್ತು ಕಣ್ಲಾ. ನಮ್ಮಪ್ಪ ಸಾಯೋವಾಗ ಹೇಳ್ದ. ಆ ಕೂಸು ಬಂದ ದಿನ ನಮ್ಮಪ್ಪಂಗೆ ಆರು ವರ್ಸ. ಗಾಡಿಯಿಂದ ಎತ್ತಿ ಇಳಿಸಿದ್ದೇ ಅವನಂತೆ. ಸಿದ್ದಿಗೆ ಬೇರೆ ತವರಿಲ್ಲ, ಅವಳ ವಂಶದಾಗೆ ಒಂದು ಹೆಣ್ಣು ಇರೋಗಂಟ ಬಾಗಿನ ನಿಲ್ಲಿಸ್ಬ್ಯಾಡಿ, ನಿಮಗೆ ಗೊತ್ತೈತೆ ಅಂತ ಅವಳಿಗೆ ತಿಳೀದೇ ಇರ್ಲಿ ಅಂದ." ಆಮೇಲೆ ನನ್ನ ಕಡೆ ತಿರುಗಿ ರೇಗಿದರು. "ಮತ್ತೆ ಮೊಮ್ಮಗಳಿಗೂ ಮರ ಕಳಿಸ್ತೀವಲ್ಲ, ಯಾರ ಮನೇಲಾದ್ರೂ ಉಂಟಾ? ನೀನು ಮೇಷ್ಟ್ರಾಗಿದ್ದೋಳು, ಒಂದಿನಾನಾದ್ರೂ ಯಾಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಮಾವ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತರು. ಶಿವಣ್ಣಮಾವ ಪಕ್ಕಕ್ಕೆ ಬಂದು ಕೂತು, "ಮದುವೇಲಿ ಉಣ್ಣದೆ ಓಡೋದ್ಯಲ್ಲ, ಈಗಲಾದ್ರೂ ಉಂಡು ಹೋಗು" ಎಂದರು. ಅವತ್ತು ಹುರುಳಿಸಾರು ಮುದ್ದೆ. ಇಬ್ಬರೂ ಒಬ್ಬರ ತಟ್ಟೆ ಒಬ್ಬರು ನೋಡುತ್ತಾ ಉಂಡರು.

ಅದೇ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ. ಮಾವ ಹೇಳಿಕಳಿಸಿದ್ದರಿಂದ ನಾನೂ ಹೋದೆ. ನಡುಮನೆಯಲ್ಲಿ ಹೊಸ ಬಟ್ಟೆ, ಹೂವು, ಬಾಳೆ ಎಲೆಯ ಮೇಲೆ ಹಿರಿಯರಿಗೆ ಎಡೆ. ಮಾವ ಧೂಪ ಹಿಡಿದು ಹೆಸರು ಹೇಳಲು ಶುರುಮಾಡಿದರು. ಅಪ್ಪನ ಕಡೆಯವರದಾಯಿತು. ದಬ್ಬೇಘಟ್ಟದ ಗಾಡಿಯಜ್ಜನದು, ಅವನ ಹೆಂಡತಿಯದು, ಮಗನದು ಹೇಳಿದರು. ಅವ್ವ ಸಿದ್ದಮ್ಮನದಾಯಿತು. ಸ್ವಲ್ಪ ನಿಂತರು.

"ಅವ್ವನ್ನ ಹೆತ್ತ ಹಚ್ಚೆ ಕೈಯೋಳಿಗೆ" ಎಂದು ಧೂಪ ಎತ್ತಿದರು. ನಮಸ್ಕಾರಕ್ಕೆ ನಾವೆಲ್ಲ ಬಗ್ಗಿದೆವು. ಅವರು ನಿಲ್ಲಿಸಲಿಲ್ಲ. "ಅವಳವ್ವನಿಗೆ. ಅವಳವ್ವನಿಗೆ. ಅವಳವ್ವನಿಗೆ." ಪ್ರತಿಯೊಬ್ಬಳಿಗೂ ಒಂದೊಂದು ಸಲ ಧೂಪ ಎತ್ತುತ್ತಿದ್ದರು. ಹತ್ತಾಯಿತು, ಇಪ್ಪತ್ತಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ತಡೆದು ತಡೆದು, ಕೊನೆಗೆ, "ಸಾಕು ಬುಡ್ರೀ, ಅನ್ನ ಸಾರು ಆರೋಯ್ತಾ ಐತೆ" ಎಂದರು.

ಮಾವ ತಿರುಗಿ ನೋಡದೆ, "ತಡಿಯೇ, ಇನ್ನೂ ಕಡಲ ದಂಡೆಗೇ ಬಂದಿಲ್ಲ" ಎಂದರು.

ಅವಳವ್ವನಿಗೆ, ಎಂದು ನಾನೂ ದನಿಗೂಡಿಸಿದೆ. ಅವತ್ತು ನಾವೆಲ್ಲ ಆರಿದ ಅನ್ನವನ್ನೇ ಉಂಡೆವು.